ಗಣಿ ಇತ್ತು, ಕಲ್ಲಿದ್ದಲು ಏಕಿರಲಿಲ್ಲ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜಪಾನಿನ ನಗರಗಳು ಸುಟ್ಟವು, ಸರಿ. ಗಣಿಗಳು ನೆಲದಡಿ ಇದ್ದವಲ್ಲ? ಅಮೆರಿಕನ್ನರ ಆಡಳಿತ ಬಂದ ಮೇಲೆ ಕಲ್ಲಿದ್ದಲಿಗೆ ಅಷ್ಟು ಬರ ಬಂದದ್ದು ಹೇಗೆ? ಗುಂಪಿನಲ್ಲಿ ಗಣಿ ಎಂಜಿನಿಯರ್ ಯಾರಾದರೂ ಇದ್ದರೆ ತಿಳಿಸಿ.

ಉತ್ತರ (ನಿವೃತ್ತ ಗಣಿ ಎಂಜಿನಿಯರ್): ಕಲ್ಲಿದ್ದಲು ಎಲ್ಲಿಗೂ ಹೋಗಿರಲಿಲ್ಲ, ಹೋದವರು ಅಗೆಯುವವರು. ಜಪಾನಿನ ಕ್ಯೂಶೂ, ಹೊಕ್ಕೈಡೊ ದ್ವೀಪಗಳ ಗಣಿಗಳಿಗೆ ಕೊರಿಯಾ, ಚೀನಾದವರನ್ನು ಬಲವಂತವಾಗಿ ತಂದು ದುಡಿಸುತ್ತಿದ್ದರು. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾದದ್ದೇ ತಡ, ಅವರು ಕೆಲಸ ಬಿಟ್ಟು ಊರ ದಾರಿ ಹಿಡಿದರು. ಹಿಡಿಯದೆ ಮತ್ತೇನು! ಒಂದು ಕಾಲಕ್ಕೆ ವರ್ಷಕ್ಕೆ 5 ಕೋಟಿ ಟನ್ ಮೀರಿದ್ದ ಉತ್ಪಾದನೆ ಆ ನವೆಂಬರ್‌ನಲ್ಲಿ ತಿಂಗಳಿಗೆ ಸುಮಾರು 5.5 ಲಕ್ಷ ಟನ್ನಿಗೆ ಕುಸಿಯಿತು.

ಇನ್ನೊಂದು ಕಾರಣವನ್ನು ನಮ್ಮ ಕಸುಬಿನವರು ಬೇಗ ಗುರುತಿಸುತ್ತಾರೆ. ಇಂದಿನ ಕಲ್ಲಿದ್ದಲು ತೆಗೆಯುವಾಗಲೇ ನಾಳಿನದಕ್ಕೆ ಸುರಂಗ ಕೊರೆಯುತ್ತಿರಬೇಕು. ಯುದ್ಧದ ಅವಸರದಲ್ಲಿ ಅದನ್ನು ಕಡೆಗಣಿಸಿ ಕೈಗೆಟುಕಿದ್ದನ್ನೆಲ್ಲ ಬಗೆದಿದ್ದರು. ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡ ಹಾಗೆ.

ಪ್ರಶ್ನೆ: ಗಣಿ ದುರಸ್ತಿಗೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಬೇಕು. ಗಂಟು ಬಿಚ್ಚಿದ್ದು ಎಲ್ಲಿಂದ, ಸರ್?

ಉತ್ತರ: ಹೊರಗಿನ ಎಣ್ಣೆಯಿಂದ. ಅರ್ಥಶಾಸ್ತ್ರಜ್ಞ ಅರಿಸಾವಾ ಹಿರೋಮಿ ಅವರ ಸಲಹೆಯನ್ನು ಪ್ರಧಾನಿ ಯೊಶಿದಾ ಅವರ ಸರ್ಕಾರ 1946ರ ಡಿಸೆಂಬರ್‌ನಲ್ಲಿ ಒಪ್ಪಿತು. ಅಮೆರಿಕನ್ನರ ಆಡಳಿತದ ಅನುಮತಿಯಿಂದ ಆಮದಾದ ಭಾರ ತೈಲ (ಕುಲುಮೆ ಉರಿಸುವ ದಪ್ಪ ಎಣ್ಣೆ) ಉಕ್ಕಿನ ಕಾರ್ಖಾನೆಗೆ, ಆ ಉಕ್ಕು ಗಣಿಗೆ, ಹೆಚ್ಚಿದ ಕಲ್ಲಿದ್ದಲು ಮತ್ತೆ ಉಕ್ಕಿಗೆ. ಇದಕ್ಕೆ ಅವರಿಟ್ಟ ಹೆಸರು ‘ಕೇಶಾ ಸೇಸಾನ್’, ಅಂದರೆ ಒಂದೇ ಕಡೆಗೆ ವಾಲಿಸಿದ ಉತ್ಪಾದನೆ. ಉಳಿದವರೆಲ್ಲ ಕಾಯಬೇಕಾಯಿತು, 1947ರ ಜನವರಿಯಲ್ಲಿ ಎಕ್ಸ್‌ಪ್ರೆಸ್ ರೈಲುಗಳೇ ನಿಂತವು. ಆ ವರ್ಷದ ಗುರಿ 3 ಕೋಟಿ ಟನ್. ಹಣಕಾಸು ವರ್ಷ ಮುಗಿಯುವಾಗ ಬಂದದ್ದು 2.9 ಕೋಟಿಗೂ ಹೆಚ್ಚು.

ಪ್ರಶ್ನೆ: ಹಾಗಾದರೆ ಯೋಜನೆ ಗೆದ್ದಿತಲ್ಲ?

ಉತ್ತರ: ಕಲ್ಲಿದ್ದಲಿನ ಮಟ್ಟಿಗೆ ಹೌದು. ಆದರೆ 1947ರಲ್ಲಿ ಆರಂಭವಾದ ಪುನರ್ನಿರ್ಮಾಣ ಹಣಕಾಸು ಬ್ಯಾಂಕ್ ಈ ಉದ್ಯಮಗಳಿಗೆ ಸುರಿದ ಸಾಲ ಬೆಲೆಗಳನ್ನು ಗಗನಕ್ಕೇರಿಸಿತು. 1949ರಲ್ಲಿ ಅಮೆರಿಕದ ಬ್ಯಾಂಕರ್ ಜೋಸೆಫ್ ಡಾಜ್ ಬಂದು ಹೊಸ ಸಾಲಕ್ಕೆ ಬೀಗ ಹಾಕಿಸಿದರು. ಕಾರ್ಖಾನೆಗಳಿಗೆ ನಿಜವಾದ ಬೇಡಿಕೆ ಕುದುರಿದ್ದು 1950ರ ಕೊರಿಯಾ ಯುದ್ಧದಿಂದ.

ಅರಿಸಾವಾ ಅವರ ಲೆಕ್ಕಾಚಾರವನ್ನು ಎಲ್ಲರೂ ಹೊಗಳುತ್ತಾರೆ. ನಾನಾದರೆ ಅಕ್ಕಿಗೆ ಅಷ್ಟೇ ಅಂಕ ಕೊಡುತ್ತೇನೆ. ಪಟ್ಟಣಗಳು ಹಸಿದಿದ್ದ ಆ ದಿನಗಳಲ್ಲಿ ಗಣಿ ಕಾರ್ಮಿಕರಿಗೆ ಹೆಚ್ಚುವರಿ ಪಡಿತರ ಕೊಟ್ಟರು. ಖಾಲಿ ಹೊಟ್ಟೆಯಲ್ಲಿ ಗುದ್ದಲಿ ಎತ್ತಲಾಗುವುದಿಲ್ಲ.