ಸಹಾಯ ಬೇಕು: ಮಲ್ಪೆಯ ಉಪ್ಪುಗಾಳಿಯಿಂದ ಕ್ಯಾಮೆರಾ ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಲ್ಪೆ ಬಂದರಿನಲ್ಲಿ ಮೀನುಗಾರರು ಕೆಲಸ ಮಾಡುವ ಫೋಟೋಗಳನ್ನು ತೆಗೆಯುತ್ತಿದ್ದೇನೆ. ನನ್ನ ಕ್ಯಾಮೆರಾಗೆ ವೆದರ್ ಸೀಲಿಂಗ್ (ನೀರು, ಧೂಳು ಒಳಹೋಗದಂತೆ ಸಂದಿಗಳಿಗೆ ಹಾಕುವ ರಬ್ಬರ್ ಸೀಲ್) ಇಲ್ಲ. ಗಾಳಿ ಜೋರಿದ್ದ ದಿನ ಲೆನ್ಸ್ ಮುಂದೆ ಹಾಕಿದ ಫಿಲ್ಟರ್ ಗಾಜಿನ ಮೇಲೆ ತೆಳುವಾಗಿ ಉಪ್ಪು ಕೂರುತ್ತದೆ. ಫಿಲ್ಟರ್ ಆದರೆ ಒರೆಸಬಹುದು, ಹಾಳಾದರೆ ಬದಲಿಸಬಹುದು. ನನಗೆ ಭಯ ಇರುವುದು ಲೆನ್ಸ್ ಮೌಂಟ್‌ನ (ಲೆನ್ಸ್ ಬಾಡಿಗೆ ಕೂಡುವ ಜಾಗದ) ಲೋಹದ ಪಿನ್ನುಗಳು, ಬಟನ್ ಸಂದಿಗಳ ಬಗ್ಗೆ. ಉಪ್ಪು ಗಾಳಿಯ ತೇವ ಹೀರಿಕೊಂಡು ಅಲ್ಲೇ ಕೂತರೆ ಲೋಹವನ್ನು ತಿನ್ನುತ್ತದೆ, ಅಲ್ವಾ?

ಸದ್ಯಕ್ಕೆ ದಡದಲ್ಲಿ ಲೆನ್ಸ್ ಬದಲಿಸುವುದಿಲ್ಲ. ಮನೆಗೆ ಬಂದು ಮೊದಲು ಬ್ಲೋವರ್‌ನಿಂದ ಮರಳು ಹಾರಿಸುತ್ತೇನೆ. ಆಮೇಲೆ ಸಿಹಿನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಬಾಡಿ ಒರೆಸುತ್ತೇನೆ. ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗೀರು ಬೀಳಿಸುತ್ತದೆ. ಪೂರ್ತಿ ಒಣಗಿದ ಮೇಲೆ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಗೆ.

ಪಿನ್ನುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬಹುದಾ? ಎಷ್ಟು ದಿನಕ್ಕೊಮ್ಮೆ? ಇನ್ನೊಂದು ವಿಷಯ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಕ್ಯಾಮೆರಾ ಡಬ್ಬಿಯಲ್ಲೇ ಇರುತ್ತದೆ. ಅದೂ ಮಳೆಗಾಲದಲ್ಲಿ! ಲೆನ್ಸ್ ಒಳಗೆ ಫಂಗಸ್ ಬರದಂತೆ ತೇವಾಂಶ 40-50%ರಲ್ಲಿ ಇಡಬೇಕು. ಅದಕ್ಕೆ ಈ ಡಬ್ಬಿ ಸಾಕಾ, ತೇವಾಂಶವನ್ನು ತಾನೇ ಹಿಡಿತದಲ್ಲಿಡುವ ವಿದ್ಯುತ್ ಕಪಾಟು, ಅಂದರೆ ಡ್ರೈ ಕ್ಯಾಬಿನೆಟ್ಟೇ ಬೇಕಾ? ಕರಾವಳಿಯಲ್ಲೇ ಇದ್ದು ಫೋಟೋ ತೆಗೆಯುವವರು ದಯವಿಟ್ಟು ನೀವು ಮಾಡುವ ಕ್ರಮ ತಿಳಿಸಿ.