ಪ್ರಶ್ನೋತ್ತರ: ಅರ್ಧ ಆಫೀಸಲ್ಲಿ, ಅರ್ಧ ಕ್ಲೌಡಲ್ಲಿ ಇರುವ ಡೇಟಾಗೆ ಯಾವ ಬ್ಯಾಕಪ್?

ಪೀಣ್ಯದವರು: ಮೇಡಂ, ನಮ್ಮದು ಬಿಡಿಭಾಗ ಮಾಡುವ ಫ್ಯಾಕ್ಟರಿ. ಡ್ರಾಯಿಂಗ್‌ಗಳೆಲ್ಲ ಆಫೀಸಿನ ನ್ಯಾಸ್‌ನಲ್ಲಿ (ಎಲ್ಲರೂ ಹಂಚಿಕೊಳ್ಳುವ ಸ್ಟೋರೇಜ್ ಡಬ್ಬ), 10 ಟಿಬಿ. ಇಆರ್‌ಪಿ (ಲೆಕ್ಕ, ಸ್ಟಾಕ್ ನೋಡುವ ಸಾಫ್ಟ್‌ವೇರ್) ಅಮೆಜಾನ್ ಕ್ಲೌಡ್ ಎಡಬ್ಲ್ಯೂಎಸ್‌ನ ಮುಂಬೈ ಕೇಂದ್ರದಲ್ಲಿ. ಇಂಟರ್ನೆಟ್ ಲೈನು 100 ಎಂಬಿಪಿಎಸ್. ಬ್ಯಾಕಪ್ ಸರ್ವರ್ ಕೂಡ ಆಫೀಸಿನ ಡೊಮೇನ್‌ನಲ್ಲೇ (ಎಲ್ಲ ಕಂಪ್ಯೂಟರಿಗೂ ಒಂದೇ ಕಡೆಯಿಂದ ಲಾಗಿನ್ ಕೊಡುವ ವ್ಯವಸ್ಥೆ) ಇದೆ. ಎಲ್ಲವನ್ನೂ ಕ್ಲೌಡ್‌ಗೆ ಹಾಕಿದರೆ ಸಾಕಾ?

ಬ್ಯಾಕಪ್ ಮೇಡಂ: ಸಾಫ್ಟ್‌ವೇರ್ ಆಮೇಲೆ ನೋಡೋಣ. ಮೊದಲು ಆ ಸರ್ವರನ್ನು ಡೊಮೇನ್‌ನಿಂದ ಹೊರಗೆ ತೆಗೆಯಿರಿ, ಇವತ್ತೇ. ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಸಿಕ್ಕಿದ ಕೂಡಲೇ, ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್‌ನವರು ಹುಡುಕುವುದೇ ಬ್ಯಾಕಪ್ಪನ್ನು. ಇನ್ನು ಲೆಕ್ಕ ಹಾಕಿ. ಲೈನು ಪೂರ್ತಿ ಸಿಕ್ಕರೂ 10 ಟಿಬಿ ವಾಪಸ್ ಇಳಿಸಲು 9 ದಿನ ದಾಟುತ್ತದೆ. ಅಷ್ಟು ದಿನ ಕೆಲಸ ನಿಲ್ಲಿಸಲು ಮಾಲೀಕರು ಒಪ್ತಾರಾ? ಹಾಗಾಗಿ ಒಂದು ಕಾಪಿ ಆಫೀಸಲ್ಲೇ, ಬೇರೆ ಡಬ್ಬದಲ್ಲಿ ಇರಲಿ. ಇನ್ನೊಂದು ಎಡಬ್ಲ್ಯೂಎಸ್‌ನ ಸ್ಟೋರೇಜ್ ಎಸ್3ಗೆ, ಗಡುವಿನವರೆಗೆ ಫೈಲ್ ಅಳಿಸಲು ಬಿಡದ ಆಬ್ಜೆಕ್ಟ್ ಲಾಕ್‌ನ ಕಂಪ್ಲಯನ್ಸ್ ಮೋಡ್‌ನಲ್ಲಿ. ಗಡುವು ಮುಗಿಯುವವರೆಗೆ ಅಕೌಂಟಿನ ಒಡೆಯ ರೂಟ್ ಯೂಸರ್‌ಗೂ ಅಳಿಸಲು ಆಗಲ್ಲ. ಮೊದಲು 7 ದಿನದ ಲಾಕ್ ಹಾಕಿ ನೋಡಿ; ಕೈತಪ್ಪಿ 7 ವರ್ಷ ಅಂತ ಹಾಕಿದರೆ ಬಿಲ್ಲೂ 7 ವರ್ಷ ಬರುತ್ತದೆ! ಇಆರ್‌ಪಿ ಇರುವ ಅಕೌಂಟಲ್ಲೇ ಇದನ್ನು ಇಡಬೇಡಿ, ಬೇರೆ ಅಕೌಂಟಲ್ಲಿಡಿ. 2014ರಲ್ಲಿ ಕೋಡ್ ಸ್ಪೇಸಸ್ ಕಂಪನಿಯ ಎಡಬ್ಲ್ಯೂಎಸ್ ಕನ್ಸೋಲ್‌ಗೆ ನುಗ್ಗಿದವರು ಡೇಟಾ, ಬ್ಯಾಕಪ್ ಬಹುಪಾಲು ಅಳಿಸಿದರು. ಕಂಪನಿಯೇ ಮುಚ್ಚಿಹೋಯಿತು.

ಮೈಸೂರಿನವರು: ಬ್ಯಾಕಪ್ ಸಾಫ್ಟ್‌ವೇರಲ್ಲಿ ವೀಮ್ ಬೆಸ್ಟಾ, ಕಮ್‌ವಾಲ್ಟಾ ಮೇಡಂ?

ಬ್ಯಾಕಪ್ ಮೇಡಂ: ಎಷ್ಟು ವಿಎಂ (ಸರ್ವರಿನೊಳಗೆ ಓಡುವ ವರ್ಚುವಲ್ ಕಂಪ್ಯೂಟರ್)? ಎಷ್ಟು ಟಿಬಿ? ಎಷ್ಟು ಹೊತ್ತಲ್ಲಿ ವಾಪಸ್ ಬೇಕು? ಇದು ಹೇಳದೆ ಕೇಳಬೇಡಿ.

ಹುಬ್ಬಳ್ಳಿಯವರು: ಬೆಸ್ಟ್ ಯಾವುದ್ರೀ ಮೇಡಂ?

ಬ್ಯಾಕಪ್ ಮೇಡಂ: ಮೇಲೆ ಓದಿ.

ಹಾಸನದವರು (ಫಾರ್ವರ್ಡ್): ಐಟಿ ಮಿತ್ರರೇ ಗಮನಿಸಿ! ರೈಡ್ 6 (ಹಲವು ಡಿಸ್ಕ್ ಒಟ್ಟಿಗೆ ಜೋಡಿಸುವ ವಿಧಾನ) ಇದ್ದರೆ ಬ್ಯಾಕಪ್ ಬೇಕಿಲ್ಲ. ಬ್ಯಾಕಪ್ ಫೈಲಿಗೆ ವಿಂಡೋಸಿನ ಸ್ವಂತ ಫೈಲಿನಂತೆ ಡಾಟ್ ಡಿಎಲ್‌ಎಲ್ ಅಂತ ಹೆಸರಿಡಿ, ವೈರಸ್ ಮುಟ್ಟಲ್ಲ. ಎಲ್ಲರಿಗೂ ಕಳಿಸಿ.

ಬ್ಯಾಕಪ್ ಮೇಡಂ: ಮತ್ತೆ ಇದೇನಾ? ಅಳಿಸಿ. ಡಿಸ್ಕ್ ಕೆಟ್ಟರೆ ರೈಡ್ ಕಾಯುತ್ತದೆ. ಫೈಲ್ ಅಳಿಸಿದರೆ ಎಲ್ಲ ಡಿಸ್ಕಿಂದಲೂ ಹೋಗುತ್ತದೆ. ಹೆಸರು ಬದಲಿಸಿ ಬಚಾವಾಗುವುದೆಲ್ಲ ಸುಮ್ನೆ. ನಂಬಿದವರ ಕೆಲಸ ಹೋಗುತ್ತದೆ, ಕಳಿಸಿದವರದ್ದಲ್ಲ.

ದಾವಣಗೆರೆಯವರು: ಇದಕ್ಕೆಲ್ಲ ಟೇಪೇ ವಾಸಿ. ತೆಗೆದು ಬೀರುವಲ್ಲಿಟ್ಟರೆ ಯಾವ ಹ್ಯಾಕರ್ ಬರ್ತಾನೆ?

ಮೈಸೂರಿನವರು: ಯಾವ ಕಾಲದಲ್ಲಿದ್ದೀರಿ ಸರ್? ಎಡಬ್ಲ್ಯೂಎಸ್‌ನ ಗ್ಲೇಸಿಯರ್ ಡೀಪ್ ಆರ್ಕೈವ್ ಸ್ಟೋರೇಜ್ ಎಷ್ಟು ಅಗ್ಗ ಗೊತ್ತಾ?

ದಾವಣಗೆರೆಯವರು: ಇಡೋಕೆ ಅಗ್ಗ. ತೆಗೆಯೋಕೆ 12 ಗಂಟೆ, ಅಗ್ಗದ ದಾರಿ ಹಿಡಿದರೆ 48. 180 ದಿನದೊಳಗೆ ಅಳಿಸಿದರೂ ಪೂರ್ತಿ ಬಾಡಿಗೆ. ಓದಿದ್ದೀರಾ?

ಮೈಸೂರಿನವರು: ನಿಮ್ಮ ಟೇಪಿಂದ ಒಂದಾದರೂ ಫೈಲ್ ವಾಪಸ್ ತಂದಿದ್ದೀರಾ?

ದಾವಣಗೆರೆಯವರು: ಬ್ರೋಷರ್ ಓದಿ ಮಾತಾಡೋರಿಗೆ ಲೆಕ್ಕ ಕೊಡಬೇಕಾ?

ಮಂಗಳೂರಿನವರು: ಮೇಡಂ, ಮೈಕ್ರೋಸಾಫ್ಟ್ 365 ಮೇಲ್‌ಗೂ ಬೇರೆ ಬ್ಯಾಕಪ್ ಬೇಕಾ?

ಮೈಸೂರಿನವರು: ಮಾತು ನೆಟ್ಟಗಿರಲಿ ಸರ್.

ಬ್ಯಾಕಪ್ ಮೇಡಂ: ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ. ಪೀಣ್ಯದವರೇ, ಡೊಮೇನ್‌ನಿಂದ ತೆಗೆದ ಮೇಲೆ ಆ ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಿಸಿ. ಹಳೇದೇ ಇಟ್ಟರೆ ತೆಗೆದದ್ದು ದಂಡ.