ಸಹಾಯ ಬೇಕು: ಕಿವಿ ಕೇಳದ ಮಗಳಿಗೆ ಹಲ್ಲುಜ್ಜೋದು ಹೇಗೆ ಕಲಿಸಲಿ?

ನಮಸ್ಕಾರ. ನಾವಿರುವುದು ಬೆಂಗಳೂರಿನ ರಾಜಾಜಿನಗರದಲ್ಲಿ. ಮಗಳಿಗೆ 7 ವರ್ಷ, ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಕಿವಿ ಮಿಷನ್ ಇನ್ನೂ ಹಾಕಿರುವುದಿಲ್ಲ. ಎಲ್ಲವೂ ಕೈಸನ್ನೆಯಲ್ಲೇ.

ಮುಂದಿನ ಹಲ್ಲು ಫಳಫಳ. 6ನೇ ವರ್ಷಕ್ಕೆ ಹಿಂದೆ ಬಂದ ದವಡೆ ಹಲ್ಲಿನ ಸಂದಿನಲ್ಲಿ ಮಾತ್ರ ರಾತ್ರಿ ತಿಂದ ಬಿಸ್ಕತ್ತು ಹಾಗೇ ಕೂತಿರುತ್ತದೆ. ಅದು ಬಿದ್ದು ಮತ್ತೆ ಹುಟ್ಟೋ ಹಲ್ಲಲ್ಲ ಅಲ್ವಾ, ಅದಕ್ಕೇ ಭಯ.

ಬಟಾಣಿ ಕಾಳಿನಷ್ಟು ಪೇಸ್ಟ್, ದಿನಕ್ಕೆ ಎರಡು ಸಲ, ಇದೆಲ್ಲ ಅವಳಿಗೆ ಗೊತ್ತು. 2 ನಿಮಿಷಕ್ಕೆ ಅಂತ ಮರಳಿನ ಗಡಿಯಾರ ತಂದಿಟ್ಟೆ. ಬ್ರಷ್ ಬಾಯಲ್ಲಿಟ್ಟುಕೊಂಡು ಸುಮ್ನೆ ಮರಳನ್ನೇ ನೋಡುತ್ತಾ ನಿಲ್ಲುತ್ತಾಳೆ! ದಂತವೈದ್ಯರು ಚೆನ್ನಾಗಿಯೇ ಹೇಳಿಕೊಟ್ಟರು, ಆದರೆ ಮಾಸ್ಕ್ ತೆಗೆಯಲಿಲ್ಲ. ತುಟಿ ಕಾಣದೆ ಅವಳಿಗೇನು ಅರ್ಥವಾಗಬೇಕು?

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಎದುರು ನಿಂತು ತೋರಿಸಿದರೆ ಎಡ ಬಲ ಉಲ್ಟಾ ಆಗುತ್ತದೆ. ಹಿಂದೆ ನಿಂತು ಅವಳ ಕೈ ಹಿಡಿದು ಉಜ್ಜಿಸಿದರೆ, ಸನ್ನೆ ಮಾಡಲು ನನ್ನ ಕೈ ಖಾಲಿ ಇರುವುದಿಲ್ಲ. ನಮ್ಮ ಬಚ್ಚಲುಮನೆಯ ಕನ್ನಡಿಯೋ ಅಂಗೈಯಗಲ.

ಇಂಥ ಮಕ್ಕಳಿಗೆ ಕಲಿಸಿರುವ ಟೀಚರ್‌ಗಳು, ಅಪ್ಪ ಅಮ್ಮಂದಿರು ದಯವಿಟ್ಟು ಹೇಳಿ: ಮೊದಲು ಪೂರ್ತಿ ತೋರಿಸಿ ಆಮೇಲೆ ಉಜ್ಜಿಸಬೇಕಾ, ಜೊತೆಜೊತೆಗೇ ಕಲಿಸಬೇಕಾ? ‘ಹಿಂದಿನ ಹಲ್ಲು, ಒಳಬದಿ’ ಅನ್ನೋದಕ್ಕೆ ನೀವು ಯಾವ ಸನ್ನೆ ಬಳಸುತ್ತೀರಿ?